ವಯಸ್ಸು ಕೇಳದವರು

ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಮುಸರತ್‌ಳ ದನಿಯನ್ನು, ಅವಳು ಎಂದೂ ಕಂಡಿರದ ನೂರಾರು ಜನ ದಿನವೂ ಕೇಳುತ್ತಿದ್ದರು. ಕಣ್ಣು ಕಾಣದವರಿಗೆ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಕ್ಕೆ ಅವಳು ದನಿ ಕೊಟ್ಟಿದ್ದಳು. ಬಳ್ಳಾರಿಯಲ್ಲಿ ಯಾರೋ ಬ್ಯಾಂಕಿನ ಮೆಸೇಜು ಕೇಳಿಸಿಕೊಂಡರೆ ಓದುತ್ತಿದ್ದವಳು ಅವಳು. ಪುತ್ತೂರಿನಲ್ಲಿ ಯಾರೋ ಪರೀಕ್ಷೆಗೆ ಕೂತಿದ್ದರೆ ಅವರ ಕಿವಿಯಲ್ಲಿ ಇದ್ದವಳೂ ಅವಳೇ.

ಇದನ್ನು ಶುರುಮಾಡಿಸಿದವರು ಕಡೂರಿನ ಲಕ್ಷ್ಮೀಪತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗ್ಲಾಕೋಮಾ ಬಂದು ದೃಷ್ಟಿ ಪೂರ್ತಿ ಹೋಗಿತ್ತು. ಮುಸರತ್‌ಳ ಕಾಲೇಜಿನಲ್ಲಿ ನಡೆದ ಕಾರ್ಯಾಗಾರವೊಂದಕ್ಕೆ ಮಗಳ ಕೈ ಹಿಡಿದುಕೊಂಡು ಬಂದಿದ್ದ ಅವರು, ಅವಳ ಭಾಷಣ ಮುಗಿಯುವವರೆಗೂ ತಲೆ ಬಗ್ಗಿಸಿಕೊಂಡು ಕೇಳಿ, ಆಮೇಲೆ ಹತ್ತಿರ ಬಂದು, "ಏನಮ್ಮಾ, ಈ ಮಷೀನು ಕನ್ನಡ ಓದೋದನ್ನ ಎಂದಾದ್ರೂ ಕೇಳಿದ್ದೀಯಾ? ತಗಡಿನ ಡಬ್ಬದಲ್ಲಿ ಜೀರುಂಡೆ ಕೂಡಿಹಾಕ್ದಂಗೆ ಇದೆ. ನಿನ್ನ ದನಿ ಕೊಡು. ಕೇಳೋ ಹಂಗಿದೆ" ಎಂದಿದ್ದರು.

"ಸರ್, ನಮ್ಮ ಮನೆಮಾತು ಕನ್ನಡ ಅಲ್ಲ. ಮನೇಲಿ ದಖ್ಖನಿ ಮಾತಾಡ್ತೀವಿ."

"ಮನೆಮಾತು ಯಾವುದು ಅಂತ ನಾನು ಕೇಳ್ಲಿಲ್ವಲ್ಲ. ದನಿ ಕೇಳಿದೆ."

ಎರಡು ಬೇಸಿಗೆ ರಜೆ ಅವಳು ಹಾಸಿಗೆ ರಜಾಯಿಗಳನ್ನು ಒಟ್ಟಿದ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ವಾಕ್ಯಗಳನ್ನು ಓದಿದಳು. ರಜಾಯಿಗಳಿದ್ದರೆ ಕೋಣೆ ಗುಂಯ್‌ಗುಡುವುದಿಲ್ಲ. ಬ್ಯಾಟರಿ ಅಂಗಡಿ ಇಟ್ಟಿದ್ದ ಗಂಡ ಅಲ್ತಾಫ್, ಅವಳು ಓದುವಷ್ಟು ಹೊತ್ತು ಮನೆಯ ಫ್ಯಾನು ಆರಿಸಿ, ಬಂದವರನ್ನೆಲ್ಲ ಜಗಲಿಯಲ್ಲೇ ತಡೆದು ಕೂರಿಸುತ್ತಿದ್ದ. ಹಾಗೆ ಓದಿದ ವಾಕ್ಯಗಳನ್ನು ಕಂಪ್ಯೂಟರಿಗೆ ಕಲಿಸಿ, ಯಾವ ಪದ ಕೊಟ್ಟರೂ ಅದೇ ದನಿಯಲ್ಲಿ ನುಡಿಯುವಂತೆ ಮಾಡಿದವನು ಚಿನ್ಮಯ. ಅವನು ಕಡೂರಿನ ಕೊಬ್ಬರಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟು ಬದುಕುತ್ತಿದ್ದ. ಸಂಜೆಗಳನ್ನು ಇದಕ್ಕೆ ಕೊಟ್ಟ.

ಅದಕ್ಕೆ 'ದನಿಗೂಡು' ಎಂದು ಹೆಸರಿಟ್ಟರು. ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಇಂಥ ಕೆಲಸಗಳಿಗೆ ಪುಕ್ಕಟೆ ಜಾಗ ಕೊಡುವ ಹೊರದೇಶದ ಸಂಸ್ಥೆಯೊಂದರ ಸರ್ವರಿನಲ್ಲಿ ಅದನ್ನೂ, ಅದರ ಚರ್ಚೆಯ ಅಂಗಳವನ್ನೂ ಇಟ್ಟರು. ಅಂಗಳದ ಬಾಗಿಲಲ್ಲಿ ಲಕ್ಷ್ಮೀಪತಿ ಬರೆಸಿದ್ದ ಮಾತು ಇತ್ತು: ಇಲ್ಲಿ ಯಾರನ್ನೂ ಯಾರೆಂದು ಕೇಳುವುದಿಲ್ಲ. ನಿಮಗೆ ಯಾವುದು ತಪ್ಪಾಗಿ ಕೇಳಿಸಿತು ಎಂದಷ್ಟೇ ಕೇಳುತ್ತೇವೆ.

ಹಾಗೆ ಬಂದವರಲ್ಲಿ 'ಕಿವಿಮಾತು' ಎಂಬ ಹೆಸರಿನವರೊಬ್ಬರು ಇದ್ದರು. ದನಿಗೂಡಿನ ತಪ್ಪುಗಳನ್ನು ಇವರಷ್ಟು ಚೆನ್ನಾಗಿ ಹಿಡಿದವರು ಇನ್ನೊಬ್ಬರಿಲ್ಲ. 'ಕೆ.ಜಿ.' ಎಂಬುದನ್ನು ಯಂತ್ರ 'ಕೆ ಚುಕ್ಕೆ ಜಿ ಚುಕ್ಕೆ' ಎಂದು ಓದುತ್ತದೆ. ಗಂಟೆ ಹತ್ತೂವರೆಯನ್ನು 'ಹತ್ತು ಬಿಂದು ಮೂವತ್ತು' ಅನ್ನುತ್ತದೆ. ಪ್ರಶ್ನೆಯ ಕೊನೆಯಲ್ಲಿ ದನಿ ಏರುವ ಬದಲು ಬಿದ್ದುಹೋಗುತ್ತದೆ. ಒಂದು ಸಲ ಬರೆದಿದ್ದರು: "ಮೇಡಂ, ಎಲ್ಲಾ ಪದ ಸರಿಯಾಗಿ ಹೇಳ್ತೀರಿ. 'ಕಣ್ಣು' ಅನ್ನೋವಾಗ ಮಾತ್ರ ದನಿ ಇಳಿಸ್ತೀರಿ. ಯಾರೋ ಸತ್ತಂಗೆ. ಯಾಕೆ?"

ಮುಸರತ್ ತನ್ನ ಧ್ವನಿಮುದ್ರಣವನ್ನು ಮತ್ತೆ ಕೇಳಿದಳು. ನಿಜವಾಗಿತ್ತು. ನಾಚಿಕೆಯಾಯಿತು. ಆ ವಾಕ್ಯಗಳನ್ನೆಲ್ಲ ಮತ್ತೆ ಓದಿದಳು, 'ಮೂಗು' ಅನ್ನುವ ಹಾಗೆಯೇ 'ಕಣ್ಣು' ಅನ್ನುವುದನ್ನು ಅಭ್ಯಾಸ ಮಾಡಿಕೊಂಡು. ಹೊಸದನ್ನು ಕೇಳಿ ಕಿವಿಮಾತು ಬರೆದರು: "ಈಗ ಸರಿಯಾಯ್ತು. ಇದು ಬರೀ ಕಣ್ಣು."

ಆಮೇಲೆ ಕಾನೂನುಗಳು ಬಂದವು. ಮಕ್ಕಳನ್ನು ಅಂತರ್ಜಾಲದ ಅಪಾಯಗಳಿಂದ ಕಾಪಾಡಬೇಕೆಂದು ಒಂದು ದೇಶ ಹದಿನಾರು ವರ್ಷದ ಗೆರೆ ಎಳೆಯಿತು, ಇನ್ನೊಂದು ಹದಿನೆಂಟರ ಗೆರೆ. ನಮ್ಮಲ್ಲೂ ಹದಿನೆಂಟು ತುಂಬದವರ ವಿವರ ಇಟ್ಟುಕೊಳ್ಳಬೇಕಾದರೆ ಹೆತ್ತವರ ಒಪ್ಪಿಗೆ ಬೇಕು, ಒಪ್ಪಿದವರು ಹೆತ್ತವರೇ ಎಂಬುದಕ್ಕೆ ಪುರಾವೆ ಬೇಕು ಎಂಬ ನಿಯಮ ಬಂತು. ಜಾಗ ಕೊಟ್ಟಿದ್ದ ಸಂಸ್ಥೆ ಹೆದರಿತು. ತನ್ನಲ್ಲಿದ್ದ ಎಲ್ಲ ಗುಂಪುಗಳಿಗೂ ಒಂದೇ ನೋಟಿಸು ಕಳಿಸಿತು. ತಿಂಗಳ ಕೊನೆಯೊಳಗೆ ಪ್ರತಿ ಸದಸ್ಯನೂ ಗುರುತಿನ ಚೀಟಿಯಿಂದಲೋ ಮುಖ ತೋರಿಸಿಯೋ ತನಗೆ ಹದಿನೆಂಟು ತುಂಬಿದೆ ಎಂದು ತೋರಿಸಬೇಕು. ತುಂಬದವರು ತಂದೆತಾಯಿಯ ಒಪ್ಪಿಗೆ ತರಬೇಕು. ಇಲ್ಲದಿದ್ದರೆ ಅವರ ಖಾತೆಯನ್ನು ಗುಂಪು ನಡೆಸುವವರೇ ಮುಚ್ಚಬೇಕು. ಮುಚ್ಚದಿದ್ದರೆ ಇಡೀ ಗುಂಪನ್ನೇ ತೆಗೆದುಹಾಕಲಾಗುವುದು.

ಮೂವರೂ ಕಡೂರಿನಲ್ಲಿ ಸೇರಿದರು. ಚಿನ್ಮಯನ ಆಫೀಸು ಕೊಬ್ಬರಿ ಗೋದಾಮಿನ ಮೇಲಿನ ಒಂದು ಕೋಣೆ. ಕೆಳಗಿನಿಂದ ಕೊಬ್ಬರಿಯ ಜಿಡ್ಡುವಾಸನೆ ಬರುತ್ತಿತ್ತು.

"ಬೇರೆ ಗುಂಪಿನವರು ಏನ್ ಮಾಡ್ತಿದ್ದಾರೆ ಅಂತ ಎಲ್ಲಾ ಓದಿದೆ ಸರ್" ಎಂದ ಚಿನ್ಮಯ. "ಒಬ್ಬೊಬ್ಬರು ಒಂದೊಂದು ಥರ. ಕೆಲವರು ಇಡೀ ದೇಶಗಳನ್ನೇ ಬ್ಲಾಕ್ ಮಾಡಿದ್ರು. ಕೆಲವರು 'ಹದಿನೆಂಟರ ಕೆಳಗಿನವರು ಬಳಸಬಾರದು' ಅಂತ ಲೈಸೆನ್ಸಿಗೇ ಸೇರಿಸಿದ್ರು."

"ಹಂಗ್ ಸೇರಿಸಿದ ಮೇಲೆ ಅದು ಮುಕ್ತ ಹೇಗಾಗುತ್ತೋ?"

"ಆಗಲ್ಲ. ಕೆಲವರು ಬಾಗಿಲು ಹಾಕ್ಕೊಂಡು ಹೋದ್ರು. ಮಿಕ್ಕವರು ಉದ್ದುದ್ದ ಲೇಖನ ಬರೀತಿದ್ದಾರೆ."

"ನಾವು ಕೇಳಬಾರದು ಕಣೋ" ಎಂದರು ಲಕ್ಷ್ಮೀಪತಿ. "ಎಕ್ಸ್‌ಚೇಂಜಲ್ಲಿ ಕೂತು ನಾನು ಇಡೀ ಊರಿನ ಮಾತು ಕೇಳಬಹುದಿತ್ತು. ಯಾರ ಮನೇಲಿ ಯಾರು ಅಳ್ತಾ ಇದ್ದಾರೆ, ಯಾರು ಯಾರಿಗೆ ಗುಟ್ಟಾಗಿ ಫೋನ್ ಮಾಡ್ತಾರೆ. ಕೇಳದೇ ಇರೋದೇ ಕೆಲಸ ಅಂತ ಕಲಿಸಿದ್ರು ನಮಗೆ. ಇವತ್ತು ವಯಸ್ಸು ತಗೊಂಡ್ರೆ ನಾಳೆ ಮುಖ ತಗೋಬೇಕು, ನಾಡಿದ್ದು ಮನೆ ವಿಳಾಸ. ನಮ್ಮ ಹತ್ರ ಇಲ್ಲದ್ದನ್ನ ಯಾರೂ ಕದಿಯೋಕಾಗಲ್ಲ."

"ದಂಡ ಬಿದ್ರೆ ನನ್ನ ಹೆಸರಿಗೆ ಬೀಳುತ್ತೆ ಸರ್. ಖಾತೆ ತೆರೆದಿರೋದು ನನ್ನ ಹೆಸರಲ್ಲಿ. ದೊಡ್ಡ ಕಂಪನಿಯವರಿಗೆ ವಕೀಲರಿದ್ದಾರೆ. ನನಗೆ ಯಾರಿದ್ದಾರೆ?"

ಮುಸರತ್ ಮಾತಾಡಿದ್ದು ತನ್ನ ಅಣ್ಣನ ಮಗಳು ಸುಮಯ್ಯಳ ವಿಷಯ. ಸುಮಯ್ಯ ಪಿಯುಸಿ ಓದುವಾಗ ಆಟದ ಆ್ಯಪ್ ಒಂದರಲ್ಲಿ ಹುಡುಗಿಯ ಹೆಸರಿಟ್ಟುಕೊಂಡ ಗಂಡಸೊಬ್ಬ ಅವಳ ಸ್ನೇಹ ಮಾಡಿದ್ದ. ಫೋಟೋ ತರಿಸಿಕೊಂಡು ಬೆದರಿಸಿದ್ದ. ವಿಷಯ ಮನೆಗೆ ತಿಳಿದ ಮೇಲೆ ಕಾಲೇಜು ಬಿಡಿಸಿದರು, ವಯಸ್ಸು ತುಂಬುತ್ತಲೇ ಮದುವೆ ಮಾಡಿದರು. ಈಗ ಅವಳು ಯಾರೊಂದಿಗೂ ನಾಲ್ಕು ಮಾತಿಗಿಂತ ಹೆಚ್ಚು ಆಡುವುದಿಲ್ಲ.

"ಅವತ್ತು ಯಾರಾದ್ರೂ ಆ ಮನುಷ್ಯನ ವಯಸ್ಸು ಕೇಳಿದ್ದಿದ್ರೆ ಅನ್ಸುತ್ತೆ ಸರ್. ಈ ಕಾನೂನು ಸುಮ್ಮಸುಮ್ಮನೆ ಬಂದಿದ್ದಲ್ಲ."

"ಕೇಳಿದ್ರೆ ಅವನು ನಿಜ ಹೇಳ್ತಿದ್ನೇನಮ್ಮಾ?" ಎಂದರು ಲಕ್ಷ್ಮೀಪತಿ, ಜಗಳಕ್ಕಲ್ಲ, ತಮಗೂ ಗೊತ್ತಿಲ್ಲದವರ ಹಾಗೆ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ದೊಡ್ಡವರೆಲ್ಲ ಪುರಾವೆ ಕೊಡುವುದು. ಚಿಕ್ಕವರು ಎಷ್ಟು ಜನ ಇದ್ದಾರೆಂದು ಮೊದಲು ತಿಳಿದು, ಅವರಿಗೆ ಒಪ್ಪಿಗೆ ತರಲು ಸಹಾಯ ಮಾಡುವುದು. ಹದಿನೆಂಟು ತುಂಬದವರು ದಯವಿಟ್ಟು ನಮಗೆ ತಿಳಿಸಿ ಎಂದು ಅಂಗಳದಲ್ಲಿ ಬರೆದರು. ಹಲವರು ಉತ್ತರ ಕೊಡದೆ ಸದ್ದಿಲ್ಲದೆ ಮಾಯವಾದರು. ಪರೀಕ್ಷೆಗೆ ಓದುವ ಮಕ್ಕಳಂತೆ ಬರೆಯುತ್ತಿದ್ದ ಕೆಲವರು ತಮಗೆ ಇಪ್ಪತ್ತೈದು, ಮೂವತ್ತು ಎಂದರು. ನಿಜ ಹೇಳಿದ್ದು ಒಬ್ಬರೇ.

"ನನಗೆ ಹದಿನೈದು. ನನ್ನ ಹೆಸರು ಸ್ಪೂರ್ತಿ. ಅಜ್ಜಂಪುರದಲ್ಲಿ ಅಜ್ಜಿ ಜೊತೆ ಇದ್ದೀನಿ. — ಕಿವಿಮಾತು."

ಮುಸರತ್ ಅದನ್ನು ಓದಿ ಕುರ್ಚಿಗೆ ಒರಗಿದಳು. ಮೂವತ್ತು ದಾಟಿದ ಮೇಷ್ಟರೊಬ್ಬರನ್ನು ಅವಳು ಇಷ್ಟು ದಿನ ಕಲ್ಪಿಸಿಕೊಂಡಿದ್ದಳು.

ಆ ವಾರವೇ ಲಕ್ಷ್ಮೀಪತಿ ವಯಸ್ಸಿನ ಪರೀಕ್ಷೆಗೆ ಕೂತರು. ಅವರ ಗುರುತಿನ ಚೀಟಿಯ ಫೋಟೋ ಹಳೆಯದೆಂದು ಯಂತ್ರ ಒಪ್ಪಲಿಲ್ಲ, ಮುಖ ತೋರಿಸಿ ಎಂದಿತು. ಚಿನ್ಮಯ ಅವರ ಮನೆಯ ವರಾಂಡದಲ್ಲಿ ಫೋನು ಹಿಡಿದು ನಿಂತ. ನಿಯಮದ ಪ್ರಕಾರ ಬೇರೆಯವರು ಹಿಡಿಯುವ ಹಾಗಿಲ್ಲ ಎಂದು ಪರದೆ ಹೇಳಿದ್ದರಿಂದ ಫೋನನ್ನು ಅವರ ಕೈಗೇ ಕೊಟ್ಟ. ಮುಖವನ್ನು ವೃತ್ತದೊಳಗೆ ತನ್ನಿ ಎಂದಿತು. ಅವರು ಅತ್ತ ಇತ್ತ ಆಡಿಸಿದರು. ಕ್ಯಾಮೆರಾವನ್ನೇ ನೋಡಿ ಎಂದಿತು.

"ಎಲ್ಲಿದೆಯೋ ಅದು?"

"ಮೇಲೆ ಸರ್. ಸ್ವಲ್ಪ ಮೇಲೆ. ಅಲ್ಲ, ಅಷ್ಟಲ್ಲ."

ಚಲಿಸುವ ಚುಕ್ಕೆಯನ್ನು ಕಣ್ಣಿನಿಂದ ಹಿಂಬಾಲಿಸಿ ಎಂದಿತು. ಅವರ ಕಣ್ಣು ಗೋಡೆಯ ಕಡೆಗೆ ಇತ್ತು. ಮತ್ತೆ ಮಾಡಿದರು, ಮತ್ತೆ. ಕೊನೆಗೆ ಪುರಾವೆ ಸಾಲದವರನ್ನೆಲ್ಲ ಸೇರಿಸುವ ಕಡೆಗೆ ಅವರನ್ನೂ ಸೇರಿಸಿತು: ನೀವು ಹದಿನೆಂಟು ವರ್ಷದ ಒಳಗಿನವರೆಂದು ಪರಿಗಣಿಸಲಾಗಿದೆ, ನಿಮ್ಮ ತಂದೆ ಅಥವಾ ತಾಯಿಯ ಒಪ್ಪಿಗೆ ಪಡೆಯಿರಿ.

ಲಕ್ಷ್ಮೀಪತಿ ಗಟ್ಟಿಯಾಗಿ ನಕ್ಕರು. "ನಮ್ಮಪ್ಪ ಹೋಗಿ ಮೂವತ್ತು ವರ್ಷ ಆಯ್ತು. ಎಲ್ಲಿಂದ ಕರ್ಕೊಂಡು ಬರ್ಲಿ?" ಎಂದರು. ಚಿನ್ಮಯನೂ ನಕ್ಕ. ಆಮೇಲೆ ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಒಳಗಿನಿಂದ ಮಗಳು ಕಾಫಿಗೆ ಕರೆದರೂ ಏಳಲಿಲ್ಲ. "ಮೇಲ್ಮನವಿ ಹಾಕಬಹುದು ಸರ್" ಎಂದ ಚಿನ್ಮಯ. ಹಾಕಿದರು. ಅದಕ್ಕೆ ಉತ್ತರ ಬರಲೇ ಇಲ್ಲ.

ಭಾನುವಾರ ಮುಸರತ್ ಬಸ್ಸು ಹಿಡಿದು ಅಜ್ಜಂಪುರಕ್ಕೆ ಹೋದಳು. ಸ್ಪೂರ್ತಿಯ ಅಜ್ಜಿ ಜವರಮ್ಮ ಈರುಳ್ಳಿ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸದವಳು. ಮನೆ ಒಂದು ಕೋಣೆ, ಒಂದು ಅಡಿಗೆಯ ಮೂಲೆ. ಸ್ಪೂರ್ತಿ ಬಾಗಿಲಲ್ಲೇ ನಿಂತಿದ್ದಳು. ಸಪೂರ ಹುಡುಗಿ, ಎರಡು ಜಡೆ, ಕೈಯಲ್ಲಿ ಅಂಧ ಮಕ್ಕಳ ಶಾಲೆಯವರು ಕೊಟ್ಟ ಹಳೆಯ ಫೋನು. ಮುಸರತ್ ಇನ್ನೂ ಬೀದಿಯಲ್ಲಿದ್ದು ಯಾರನ್ನೋ ಮನೆ ವಿಚಾರಿಸುತ್ತಿರುವಾಗಲೇ, "ಅಜ್ಜೀ, ಬಂದ್ರು!" ಎಂದು ಕೂಗಿದಳು.

"ನಾನೇ ಅಂತ ಹೆಂಗ್ ಗೊತ್ತಾಯ್ತು?"

"ದಿನಾ ಕೇಳ್ತೀನಲ್ಲ ಮೇಡಂ ನಿಮ್ಮನ್ನ." ಮುಖವೆಲ್ಲ ನಗು. "ಫೋನಲ್ಲಿ ನೀವು ಇನ್ನೂ ಸ್ವಲ್ಪ ಬೇಗ ಮಾತಾಡ್ತೀರಿ. ನಾನೇ ಸ್ಪೀಡ್ ಜಾಸ್ತಿ ಇಟ್ಟಿದ್ದೀನಿ."

ಜವರಮ್ಮ ಮಂಡಕ್ಕಿ, ಚಹಾ ತಂದಿಟ್ಟಳು. ಮುಸರತ್ ವಿಷಯ ಹೇಳಿದಳು. ಒಪ್ಪಿಗೆ ಕೊಡಬೇಕಾದವರು ಅಪ್ಪ ಅಥವಾ ಅಮ್ಮ. ಇಲ್ಲವೇ ಕೋರ್ಟು ನೇಮಿಸಿದ ಪೋಷಕರು.

"ಅವ್ಳ ಅವ್ವ ಹೋದ್ಲು ಕಣವ್ವ, ಇವ್ಳಿಗೆ ಐದು ತುಂಬಿರ್ಲಿಲ್ಲ. ಸಾಕಿರೋಳು ನಾನು. ನಾನ್ ಒಪ್ತೀನಿ, ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತೀನಿ."

"ಅಜ್ಜಿದು ನಡೆಯಲ್ಲ ಜವರಮ್ಮ. ಕೋರ್ಟಿಗೆ ಹೋಗ್ಬೇಕು. ಅವ್ರಪ್ಪ...?"

ಜವರಮ್ಮ ಮೊಮ್ಮಗಳ ಕಡೆ ನೋಡಿ, "ನೀರು ತಗೊಂಡ್ ಬಾರವ್ವ" ಎಂದು ಹೊರಗೆ ಕಳಿಸಿದಳು. "ಅವ್ನು ಬದುಕವ್ನೆ. ಬೇರೆ ಕಟ್ಕೊಂಡು ಹೊಸದುರ್ಗದ ಕಡೆ ಅವ್ನೆ. ಕುಡ್ದು ಬಂದು ಈ ಮಗೀನ ಹೆಂಗ್ ಹೊಡೀತಿದ್ದ ಅಂತ ನಾನ್ ನೋಡಿವ್ನಿ. ಎಳ್ಕೊಂಡ್ ಓಡ್ಬಂದಿದೀನಿ ಇಲ್ಲಿಗೆ. ಇವ್ಳು ಎಲ್ಲವ್ಳೆ ಅಂತ ಅವ್ನಿಗೆ ಗೊತ್ತಿಲ್ಲ. ಈಗ ಅವ್ನ ತಾವ ಹೋಗಿ ಒಪ್ಗೆ ಕೊಡಪ್ಪ ಅಂತ ಕೇಳ್ಬೇಕಾ?"

ಕೋರ್ಟಿಗೆ ಹೋದರೂ ಅವನಿಗೆ ನೋಟಿಸು ಹೋಗುತ್ತದೆ. ಮುಸರತ್‌ಗೆ ಅದು ಗೊತ್ತಿತ್ತು. ಚಹಾ ಲೋಟವನ್ನು ಕೈಯಲ್ಲಿ ಹಿಡಿದೇ ಕೂತಳು.

ಜವರಮ್ಮ ಹತ್ತಿರ ಸರಿದು ಮೆಲ್ಲಗೆ, "ನೀನೇ ತಾಯಿ ಅಂತ ಹಾಕ್ಬಿಡವ್ವ" ಎಂದಳು. "ಅಲ್ಲೆಲ್ಲೋ ಇರೋ ಮಷೀನಿಗೆ ಏನ್ ಗೊತ್ತಾಯ್ತದೆ? ನಿನ್ ದನಿ ಬಿಟ್ರೆ ಆ ಮಗೀಗೆ ಬ್ಯಾರೆ ಏನೂ ಬ್ಯಾಡ."

ಮುಸರತ್ "ನೋಡ್ತೀನಿ" ಎಂದಳು. ಬಸ್ಸಿನಲ್ಲಿ ಮರಳುವಾಗ ಅವಳು ನಿಜವಾಗಿಯೂ ಅದನ್ನೇ ಯೋಚಿಸಿದಳು. ಒಂದು ಗುಂಡಿ ಒತ್ತಬೇಕು, ತನ್ನ ಚೀಟಿ ತೋರಿಸಬೇಕು, ಅಷ್ಟೇ. ಮನೆಗೆ ಬಂದು ಅಲ್ತಾಫನಿಗೆ ಹೇಳಿದಳು. ಅವನು ಊಟದ ತಟ್ಟೆಯನ್ನು ಸರಿಸಿದ.

"ನಕ್ಕೋ" ಎಂದ. ಬೇಡ. ದಖ್ಖನಿಯಲ್ಲಿ, ಮೆತ್ತಗೆ. "ಹುಡುಗಿ ಯಾರು, ನೀನು ಯಾರು ಅಂತ ಯೋಚ್ನೆ ಮಾಡಿದ್ಯಾ? ಮುಸಲ್ಮಾನರ ಹೆಂಗಸು, ಹಿಂದೂ ಹುಡುಗಿಗೆ ನಾನೇ ತಾಯಿ ಅಂತ ಸುಳ್ಳು ದಾಖಲೆ ಕೊಟ್ಟಳು. ನಾಳೆ ಇದು ಯಾರ ಕೈಗಾದ್ರೂ ಸಿಕ್ರೆ ಏನ್ ಅಂತಾರೆ? ಅಪ್ಪ ಬೇರೆ ಬದುಕಿದ್ದಾನೆ ಅಂತೀಯ. ನಿನ್ನ ಮೇಲಷ್ಟೇ ಬರಲ್ಲ ಕಣೇ. ಆ ಅಜ್ಜಿ ಮೇಲೂ ಬರುತ್ತೆ."

ಅವನು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಅದೇ ಅವಳನ್ನು ಕೊರೆಯಿತು. ತನ್ನ ಕೆಲಸ ಹೋಗುತ್ತದೆಂಬ ಹೆದರಿಕೆಯಷ್ಟೇ ಆಗಿದ್ದರೆ ಅದನ್ನು ಮೀರಬಹುದಿತ್ತು. ಇದು ಬೇರೆ.

ತಿಂಗಳ ಕೊನೆ ಹತ್ತಿರ ಬಂದಾಗ ಲಕ್ಷ್ಮೀಪತಿ ಫೋನ್ ಮಾಡಿದರು. "ನನ್ನ ಮನೇಲೇ ಒಂದು ಕಂಪ್ಯೂಟರ್ ಇಡೋಣ. ದನಿಗೂಡನ್ನ ಅಲ್ಲಿಗೆ ತರೋಣ. ಯಾರ ನೋಟಿಸೂ ಬೇಡ. ನಮ್ಮ ಲೈಸೆನ್ಸು ಅದಕ್ಕೇ ಅಲ್ವಾ ಇರೋದು, ಎಲ್ಲಿಗೆ ಬೇಕಾದ್ರೂ ಎತ್ಕೊಂಡು ಹೋಗಬಹುದು ಅಂತ."

"ತಗೊಂಡು ಹೋಗಬಹುದು ಸರ್" ಎಂದ ಅದೇ ಕರೆಯಲ್ಲಿದ್ದ ಚಿನ್ಮಯ. "ಆದ್ರೆ ಕಾನೂನು ಅಲ್ಲಿಗೂ ಬರುತ್ತೆ. ಈಗ ಸಂಸ್ಥೆಯವರ ಮೇಲೆ ಇರೋ ಜವಾಬ್ದಾರಿ ಆವಾಗ ನಮ್ಮ ಮೇಲೆ. ನನಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಸರ್. ನನ್ನ ಕೈಲಾಗಲ್ಲ. ನೀವು ಮಾಡೋದಾದ್ರೆ ನನ್ನ ಹೆಸರು ತೆಗೆದುಬಿಡಿ."

"ನನಗೆ ಅದನ್ನ ನಡೆಸೋಕೆ ಬರಲ್ಲವಲ್ಲೋ." ಲಕ್ಷ್ಮೀಪತಿಯವರ ದನಿ ಸೋತಿತ್ತು. "ಮುಸರತ್, ನೀನೇನಮ್ಮಾ ಅಂತೀಯ?"

ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿತ್ತು. ಬಳ್ಳಾರಿ, ಪುತ್ತೂರು, ಇನ್ನೆಲ್ಲೆಲ್ಲೋ ಇರುವ ನೂರಾರು ಜನ ಒಂದು ಕಡೆ. ಆ ಹುಡುಗಿ ಒಂದು ಕಡೆ. ಗುಂಪನ್ನೇ ತೆಗೆದುಹಾಕಿದರೆ ಎಲ್ಲರಿಗೂ ಇಲ್ಲವಾಗುತ್ತದೆ.

"ನೋಟಿಸಲ್ಲಿ ಇರೋ ಹಾಗೇ ಮಾಡೋಣ ಸರ್. ಸ್ಪೂರ್ತಿ ಖಾತೆ ನಾನೇ ಮುಚ್ತೀನಿ" ಎಂದಳು.

"ಆಗ್ಲಿ ಬಿಡು" ಎಂದು ಅವರು ಫೋನಿಟ್ಟರು.

ಹೇಗಿದ್ದರೂ ಮುಚ್ಚಬೇಕು, ಆದರೆ ಮುಂಚೆ ತಾನೇ ಸ್ಪೂರ್ತಿಗೆ ಹೇಳಬೇಕು ಎಂದುಕೊಂಡಿದ್ದಳು ಮುಸರತ್. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗಳು ನಡೆಯುತ್ತಿದ್ದವು. ಮಧ್ಯಾಹ್ನ ಬಿಡುವಾದಾಗ ಎರಡು ಸಲ ಕರೆ ಮಾಡಿದಳು, ಸಿಗಲಿಲ್ಲ. ಸಂಜೆ ಮಾಡಿದರಾಯಿತು, ಈಗ ಗುಂಡಿ ಒತ್ತಿದರೂ ಖಾತೆ ಮುಚ್ಚುವುದು ರಾತ್ರಿ ಗಡುವು ಮುಗಿದ ಮೇಲೆ ತಾನೆ ಎಂದುಕೊಂಡು, ಅದನ್ನು ಒತ್ತಿ ಪರೀಕ್ಷೆಯ ಕೋಣೆಗೆ ಹೋದಳು. ಖಾತೆ ಆ ಕ್ಷಣವೇ ಮುಚ್ಚಿಹೋಯಿತು.

ನಾಲ್ಕು ಗಂಟೆಯ ಹೊತ್ತಿಗೆ ಸ್ಪೂರ್ತಿಯೇ ಕರೆ ಮಾಡಿದಳು. ಅಳುತ್ತಿರಲಿಲ್ಲ.

"ಮೇಡಂ, ನೀವೇ ಹೇಳಿದ್ರಿ."

"ಏನು?"

"'ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ನಿಮಗೆ ಇಲ್ಲಿ ಪ್ರವೇಶವಿಲ್ಲ.' ನಿಮ್ಮ ದನೀಲೇ ಓದ್ತು. ಇನ್ನೊಂದ್ಸಲ ಓದಿಸಿ ನೋಡಿದೆ. ಅದೇ."

ಮುಸರತ್ ಕಾಲೇಜಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಾನು ಮೊದಲೇ ಹೇಳೋಣ ಅಂತ ಕಾಲ್ ಮಾಡಿದ್ದೆ ಕಣಮ್ಮಾ" ಎಂದಳು.

"ಇರ್ಲಿ ಮೇಡಂ. ನಾನು ಬರೆದಿದ್ದೆಲ್ಲ ಇರ್ತದಾ?" ಎಂದು ಕೇಳಿದಳು.

"ಇರುತ್ತೆ. ಅದು ಎಲ್ಲಿಗೆ ಹೋಗುತ್ತೆ?"

ಆದರೆ ಇರಲಿಲ್ಲ. ಅಪ್ರಾಪ್ತರ ವಿವರ ಒಂದಿಷ್ಟೂ ಉಳಿಯಬಾರದೆಂಬ ನಿಯಮದಂತೆ ಸಂಸ್ಥೆಯ ಯಂತ್ರ ಆ ಖಾತೆಯ ಜೊತೆಗೆ ಅದರಿಂದ ಬಂದ ಎಲ್ಲ ಬರಹವನ್ನೂ ಅಳಿಸಿತ್ತು. ಪ್ರಶ್ನೆಯ ಕೊನೆಯ ಏರಿಳಿತದ ಬಗ್ಗೆ ಬರೆದದ್ದು, ಕೆ.ಜಿ.ಯ ಬಗ್ಗೆ ಬರೆದದ್ದು, ಕಣ್ಣು ಎಂಬ ಪದದ ಬಗ್ಗೆ ಬರೆದದ್ದು. ಅಂಗಳದಲ್ಲಿ ಈಗ ಮುಸರತ್‌ಳ ಉತ್ತರಗಳು ಮಾತ್ರ ಇದ್ದವು. 'ಹೌದು, ತಪ್ಪಾಗಿದೆ', 'ಸರಿಪಡಿಸಿದೆ', 'ನೀವು ಹೇಳಿದ್ದು ನಿಜ'. ಓದಿದವರಿಗೆ ಅವಳು ಯಾರೂ ಇಲ್ಲದ ಕಡೆ ಮಾತಾಡಿಕೊಂಡಂತೆ ಕಾಣುತ್ತಿತ್ತು.

ಗುಂಪು ಉಳಿಯಲಿ ಎಂದು ಮಾಡಿದ್ದು. ಗುಂಪೂ ಉಳಿಯಲಿಲ್ಲ. ಕಣ್ಣಿಲ್ಲದವರಲ್ಲಿ ಹಲವರಿಗೆ ಲಕ್ಷ್ಮೀಪತಿಯವರಿಗೆ ಆದದ್ದೇ ಆಯಿತು. ಚೀಟಿ ಕೊಡಲು ಮನಸ್ಸಿಲ್ಲದವರು ಬರುವುದನ್ನು ಬಿಟ್ಟರು. ಲಕ್ಷ್ಮೀಪತಿ ಮೇಲ್ಮನವಿಗೆ ಕಾಯುತ್ತೇನೆಂದು ಹೇಳುತ್ತ ಹೇಳುತ್ತ ಅದರ ಮಾತನ್ನೇ ನಿಲ್ಲಿಸಿದರು. ಚಿನ್ಮಯ ಸಂಜೆಗಳಲ್ಲಿ ಬೇರೆ ಬಿಲ್ಲಿಂಗ್ ಕೆಲಸ ಒಪ್ಪಿಕೊಂಡ. ತಪ್ಪು ಹಿಡಿಯುವವರು ಇಲ್ಲದ ಮೇಲೆ ತಿದ್ದುವುದೇನು? ಅಂಗಳದಲ್ಲಿ ವಾರಕ್ಕೊಂದು ಮಾತೂ ಕಾಣದಾಯಿತು. ಆ ಬೇಸಿಗೆಯಲ್ಲಿ ಫೋನುಗಳ ಒಳಗಿನ ವ್ಯವಸ್ಥೆ ಬದಲಾಗಿ ಹಳೆಯ ದನಿಗೂಡು ಓದುವುದನ್ನೇ ನಿಲ್ಲಿಸಿತು. ಮುಸರತ್ ಚಿನ್ಮಯನನ್ನು ಕಾಡಿ ಬೇಡಿ ಹೊಸದನ್ನು ಮಾಡಿಸಿದಳು. ಅದನ್ನು ಇಳಿಸಿಕೊಳ್ಳಲು ಈಗ ಖಾತೆ ಬೇಕಿತ್ತು. ಆದರೆ ಕೈಯಿಂದ ಕೈಗೆ ಕೊಡುವುದನ್ನು ಯಾವ ನಿಯಮವೂ ತಡೆದಿರಲಿಲ್ಲ. ಅವಳು ಅದನ್ನು ತನ್ನ ಫೋನಿಗೆ ಹಾಕಿಕೊಂಡು ಮತ್ತೆ ಅಜ್ಜಂಪುರಕ್ಕೆ ಹೋದಳು. ಇಷ್ಟು ದಿನ ಸ್ಪೂರ್ತಿ ಅವಳ ಕರೆ ಎತ್ತಿರಲಿಲ್ಲ.

ಈ ಸಲ ಬಾಗಿಲಲ್ಲಿ ಯಾರೂ ಇರಲಿಲ್ಲ. ಜವರಮ್ಮ ಹೊರಗೆ ಬಟ್ಟೆ ಹಿಂಡುತ್ತಿದ್ದಳು, "ಒಳಗವ್ಳೆ" ಎಂದಳು. ಸ್ಪೂರ್ತಿ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಅದೇ ಫೋನು. ಅದರಿಂದ ಬೇರೆ ಯಾವುದೋ ಹೆಣ್ಣಿನ ದನಿ, ನುಣ್ಣಗೆ, ಪಟ್ಟಣದ ಕನ್ನಡದಲ್ಲಿ ಏನನ್ನೋ ಓದುತ್ತಿತ್ತು.

"ಬನ್ನಿ ಮೇಡಂ" ಎಂದು ಅದನ್ನು ನಿಲ್ಲಿಸಿದಳು.

"ಹೊಸ ದನಿಗೂಡು ತಂದಿದ್ದೀನಿ. ಫೋನ್ ಕೊಡು, ಹಾಕ್ಕೊಡ್ತೀನಿ."

"ಬೇಡ ಮೇಡಂ. ಈಗ ಇದು ಐತೆ." ಮೊಬೈಲ್ ಅಂಗಡಿಯವನು ಹಾಕಿಕೊಟ್ಟನೆಂದಳು. ದೊಡ್ಡ ಕಂಪನಿಯ ಆ್ಯಪ್. ಓದಿ ಹೇಳುತ್ತದೆ, ಬೇರೆ ಜನರ ಜೊತೆ ಮಾತಾಡಲೂ ಬರುತ್ತದೆ.

"ಅದಕ್ಕೂ ವಯಸ್ಸು ಕೇಳ್ತಾರಲ್ಲ?"

"ಅಂಗಡಿ ಅಣ್ಣ ಅವ್ರ ಚೀಟಿ ಕೊಟ್ರು, ಅವ್ರ ಮುಖಾನೇ ತೋರ್ಸಿದ್ರು. ಅಲ್ಲಿ ನಂಗೆ ಇಪ್ಪತ್ತೆಂಟು ವರ್ಷ." ಮೊದಲ ಸಲ ಸಣ್ಣಗೆ ನಕ್ಕಳು. "ನಿಮ್ಮ ಹತ್ರಾನೂ ನಾನು ಸುಳ್ಳು ಹೇಳಿದ್ರೆ ಆಗ್ತಿತ್ತು ಅಲ್ವಾ ಮೇಡಂ? ಉಳಿದೋರು ಹೇಳಿದ್ರಂತೆ."

ಮುಸರತ್ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆಗಲೇ ಫೋನು ಎರಡು ಸಲ ಟಿಣ್ ಎಂದಿತು. ಸ್ಪೂರ್ತಿ ಅದನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಮುಖ ಬದಲಾಯಿತು.

"ಯಾರು?"

"ಒಬ್ರು. ಹುಬ್ಬಳ್ಳಿಯವ್ರಂತೆ. ದಿನಾ ಮಾತಾಡ್ತಾರೆ. ನನ್ನ ದನಿ ಚೆನ್ನಾಗೈತೆ ಅಂತಾರೆ. ಫೋಟೋ ಕಳ್ಸು ಅಂದ್ರು, ನನಗೆ ತೆಗೆಯೋಕೆ ಬರಲ್ಲ ಅಂದೆ. ಅಂಗಡಿಯೋರ ಕೈಲಿ ತೆಗೆಸು ಅಂತಾರೆ."

ಮುಸರತ್ ಕೈ ಚಾಚಿದಳು. "ಸ್ಪೂರ್ತಿ, ಕೊಡಮ್ಮ ಇಲ್ಲಿ. ನಾನೊಂದ್ಸಲ ನೋಡ್ತೀನಿ."

ಸ್ಪೂರ್ತಿ ಫೋನನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆಗೆ ತಿರುಗಿದಳು. "ಇದು ನಂದು ಮೇಡಂ."

"ಅವರು ಯಾರು ಅಂತ ನಿಂಗೆ ಗೊತ್ತಿಲ್ಲ. ನನ್ನ ಅಣ್ಣನ ಮಗಳಿಗೂ ಹಿಂಗೇ..."

"ಅವ್ರು ನನ್ನ ಹೊರಗೆ ಹಾಕಿಲ್ಲ" ಎಂದಳು ಹುಡುಗಿ. ಅಷ್ಟೇ.

ಮುಸರತ್ ಹೊರಗೆ ಬಂದು ಜವರಮ್ಮನಿಗೆ ತನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದಳು. ಆ ಮನುಷ್ಯ ಒಳ್ಳೆಯವನಲ್ಲದೇ ಇರಬಹುದು, ಫೋಟೋ ಕಳಿಸಬಾರದು, ಆ ಅಂಗಡಿಗೆ ಒಬ್ಬಳನ್ನೇ ಬಿಡಬೇಡ. ಜವರಮ್ಮ ಹಿಂಡಿದ ಸೀರೆಯನ್ನು ತಂತಿಗೆ ಹಾಕುತ್ತ ಕೇಳಿದಳು.

"ಹೇಳ್ತೀನಿ ಕಣವ್ವ. ನನ್ ಮಾತು ಎಷ್ಟು ಕೇಳ್ತಾಳೋ. ನಾನು ಬೆಳಿಗ್ಗೆ ಮಂಡಿಗೆ ಹೋದ್ರೆ ಬೈಗಿಗೆ ಬರೋಳು. ಅಲ್ಲೀಗಂಟ ಅವ್ಳಿಗೂ ಒಂದು ಮಾತು ಅಂತ ಬೇಕಲ್ಲ. ನಿಮ್ ಜೊತೆ ಇದ್ದಾಗ ನಾನು ನೆಮ್ದಿಯಾಗಿದ್ದೆ."

ಪೊಲೀಸರಿಗೆ ದೂರು ಕೊಡಬಹುದು ಎಂದುಕೊಂಡಳು ಮುಸರತ್. ಕೊಟ್ಟರೆ ಮೊದಲು ಸಿಗುವುದು ಸುಳ್ಳು ವಯಸ್ಸು, ಆಮೇಲೆ ಅಂಗಡಿಯವನು. ಹುಡುಗಿಯ ಕಡೆಯವರು ಯಾರು ಎಂದು ಕೇಳುತ್ತಾರೆ, ಅಪ್ಪ ಎಲ್ಲಿ ಎನ್ನುತ್ತಾರೆ, ಹುಡುಕಿ ಕರೆಸುತ್ತಾರೆ. ಕಂಪನಿಗೆ ಬರೆಯಬಹುದು. ಅವರ ಕಡತದ ಪ್ರಕಾರ ಆ ಖಾತೆಯವರಿಗೆ ಇಪ್ಪತ್ತೆಂಟು ವರ್ಷ, ಎಲ್ಲವೂ ಸರಿಯಾಗಿದೆ.

"ಮುಂದಿನ ಭಾನುವಾರ ಬರ್ತೀನಿ" ಎಂದಳು.

"ಬಾರವ್ವ" ಎಂದಳು ಜವರಮ್ಮ. ಒಳಗೆ ಆ ಹೊಸ ದನಿ ಮತ್ತೆ ಶುರುವಾಗಿತ್ತು.

ಬಸ್ಸಿಗೆ ಕಾಯುತ್ತ ನಿಂತಲ್ಲಿಂದ ಅವಳು ಲಕ್ಷ್ಮೀಪತಿಯವರಿಗೆ ಕರೆ ಮಾಡಿದಳು. ಬಹಳ ದಿನದ ಮೇಲೆ. ನಡೆದದ್ದನ್ನೆಲ್ಲ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಈಗ ಏನ್ಮಾಡೋಣ ಅಂತೀಯಮ್ಮಾ?"

ಅವಳು ಬಾಯಿ ತೆರೆದಳು. ತರೀಕೆರೆಯ ಬಸ್ಸು ಬಂದು ನಿಂತಿತು, ಕಂಡಕ್ಟರು ಊರ ಹೆಸರು ಕೂಗಿದ, ಜನ ಹತ್ತಿದರು, ಬಸ್ಸು ಹೊರಟಿತು. ಅವಳು ಹತ್ತಲಿಲ್ಲ. ಫೋನು ಕಿವಿಯಲ್ಲೇ ಇತ್ತು. ಕಡೂರಿನಲ್ಲಿ ಅವರು ಉಸಿರಾಡುವುದು ಕೇಳುತ್ತಿತ್ತು.